ಅಜ್ಜಿಯನ್ನು ಕೇಳಿ ಹೇಳುವ ಕಾಯಿಲೆ

"ಬಿಸ್ಕತ್ತು ಬೇಕೋ, ಪೆಪ್ಪರ್‌ಮಿಂಟು ಬೇಕೋ? ನೀನೇ ಹೇಳು" ಎಂದರು, ಮನಶ್ಶಾಸ್ತ್ರ ಓದಿ ಆಗಷ್ಟೇ ವಿಲಾಯಿತಿಯಿಂದ ಬಂದಿದ್ದ ಡಾಕ್ಟರು. ನನ್ನ ಐದು ವರ್ಷದ ಮಗಳು ಎರಡನ್ನೂ ಆಸೆಯಿಂದ ನೋಡಿ, "ಅಜ್ಜೀನ ಕೇಳಿ ಹೇಳ್ತೀನಿ" ಎಂದು ನಮ್ಮ ಅತ್ತೆಯವರ ಸೆರಗು ಹಿಡಿದಳು.

ಅದು ಅರವತ್ತರ ದಶಕದ ಜಯನಗರ. ಹುಡುಗಿ ತೀರಾ ಮೆತ್ತಗಿದ್ದಾಳೆ, ಈ ಡಾಕ್ಟರ ಸರ್ಟಿಫಿಕೇಟು ತಂದರೆ ಮಾತ್ರ ಸೀಟು ಎಂದಿದ್ದರು ಇಂಗ್ಲಿಷ್ ಶಾಲೆಯವರು.

ಡಾಕ್ಟರು ದಪ್ಪ ಪುಸ್ತಕ ತೆರೆದು ತಲೆಯಾಡಿಸಿದರು. "ಮಗೂಗೆ ಸ್ವಂತ ವ್ಯಕ್ತಿತ್ವವೇ ಬೆಳೆದಿಲ್ಲಮ್ಮ. ಅಜ್ಜಿ ಪಕ್ಕ ಮಲಗಿಸ್ಬೇಡಿ, ಬೇರೆ ರೂಮು ಕೊಡಿ."

ನಮ್ಮ ಮನೆಯಲ್ಲಿ ದೇವರಿಗೇ ಬೇರೆ ರೂಮಿರಲಿಲ್ಲ, ಅಕ್ಕಿ ಮೂಟೆಯ ಜೊತೆ ಹೊಂದಿಕೊಂಡಿದ್ದ. ಸೀಟು ಹೋಯಿತೆಂದುಕೊಂಡೆ. "ಇನ್ನೊಂದ್ಸಲ ನೋಡಿ ಸಾರ್. ಯಾವತ್ತು ಕರ್ಕೊಂಡ್ ಬರ್ಲಿ?" ಎಂದೆ.

ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ಎದ್ದು ಒಳಮನೆಯ ಕಡೆ ತಿರುಗಿದರು. "ಇರಿ, ನಮ್ಮಮ್ಮನ್ನ ಕೇಳಿ ಹೇಳ್ತೀನಿ. ರಾಹುಕಾಲ ಎಲ್ಲಾ ನೋಡೋದು ಅವ್ರೇ."

ಮಗಳು ಆವತ್ತು ಮೊದಲ ಬಾರಿ ಗಟ್ಟಿಯಾಗಿ ಬಾಯಿಬಿಟ್ಟಳು. "ಅಜ್ಜೀ, ಈ ಮಾಮಂಗೂ ನನ್ ಕಾಯ್ಲೇನಾ?"

"ಹೂಂ ಪುಟ್ಟಿ, ಪಾಪ, ಇಷ್ಟ್ ವಯಸ್ಸಾದ್ರೂ ವಾಸಿಯಾಗಿಲ್ಲ ನೋಡು" ಎಂದರು ಅತ್ತೆಯವರು.

ಡಾಕ್ಟರು ಕೆಂಪಾಗಿ, ಕೂತು, ಸರ್ಟಿಫಿಕೇಟು ಬರೆದುಕೊಟ್ಟರು. ಮಗಳಿಗೆ ಸೀಟೂ ಸಿಕ್ಕಿತು, ಅಜ್ಜಿಯ ಅಪ್ಪಣೆಯಾಗಿ ಬಿಸ್ಕತ್ತೂ ಸಿಕ್ಕಿತು. ಆ ದಪ್ಪ ಪುಸ್ತಕವನ್ನು ಯಾವ ಊರಿನ ಮಕ್ಕಳನ್ನು ನೋಡಿ ಬರೆದಿದ್ದರೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಮಕ್ಕಳ ಮನಸ್ಸಿನ ಬಗ್ಗೆ ಯಾರಾದರೂ ಹೊಸದಾಗಿ ಬರೆಯುವುದಾದರೆ ಬರೆಯಲಿ, ಆದರೆ ಮೊದಲು ಅವರ ಅಜ್ಜಿಯನ್ನು ಒಂದು ಮಾತು ಕೇಳಲಿ.