ನನ್ನ ಒಂದು ಹೂಂ ವಾಪಸ್ ತಗೊಂಡದ್ದು

ನನ್ನ ಎಡಗಿವಿ ಕೇಳಂಗಿಲ್ಲ. ಈಗ ರಾಜಾರೋಷ ಬರ್ಯಾಕತ್ತೇನಿ, ಹೋದ ವರ್ಷದ ತನಕ ಮುಚ್ಚಿಟ್ಟಿದ್ದೆ. ಯಾರು ಏನಂದ್ರೂ 'ಹೂಂ' ಅಂದು ದಾಟಸ್ತಿದ್ದೆ.

ತಂಗಿ ಮಗಳು ನಮ್ಮ ಮನ್ಯಾಗ, ವಿಜಯಪುರದಾಗ ಇದ್ದು ಇಂಗ್ಲಿಷ್ ಎಂ.ಎ. ಓದತಾಳ. ಒಂದ ಸಂಜಿ ಪುಸ್ತಕ ನೋಡಕೋತ 'ಹಾರ್ಕ್' ಅಂದ್ಲು. ನನಗ ಕೇಳಿಸಿದ್ದು 'ಹರಕ'.

"ಯಾವ ಸೀರಿ ಹರದೈತಿ?" ಅಂದೆ.

ಬಿದ್ದು ಬಿದ್ದು ನಕ್ಕಳು. "ಸೀರಿ ಅಲ್ಲ ದೊಡ್ಡವ್ವಾ. ಹಾರ್ಕ್ ಅಂದ್ರ ಕಿವಿಗೊಟ್ಟು ಕೇಳು ಅಂತ. ಹಳೇ ಶಬ್ದ, 'ಹಿಯರ್' ಬಳಗದ್ದು. ಬ್ಯಾಟಿಯವ್ರು ನಾಯಿಗೆ 'ಹಾರ್ಕ್ ಬ್ಯಾಕ್' ಅಂತ ಕೂಗತಿದ್ರಂತ. ವಾಸನಿ ತಪ್ಪಿದ್ರ ಮುಂದ ಓಡಬ್ಯಾಡ, ತಪ್ಪಿದ ಜಾಗಾಕ್ಕ ತಿರುಗಿ ಬಾ ಅಂತ."

"ನಾಯಿ ಆದ್ರೂ ಮಾತು ಕೇಳತಿತ್ತಲ್ಲ" ಅಂದೆ. ಮರತೂ ಬಿಟ್ಟೆ.

ಮುಂದ ಒಂದಿನ ಗಾಂಧಿ ಚೌಕದಾಗ ಇದ್ದಾಗ ಬಬಲೇಶ್ವರದಿಂದ ತಂಗಿ ಫೋನ್ ಬಂತು. ಆಟೋ ಗದ್ದಲ, ಬಲಗೈಯಾಗ ಚೀಲ, ಫೋನ್ ಎಡಗಿವಿಗೆ. ಹೂಂ, ಹೂಂ ಅಂದು ಇಟ್ಟೆ. ಮನಿಗೆ ಬಂದ್ರ ಹುಡುಗಿ ಅಳಾಕತ್ತಾಳ.

"ಅವ್ವ ಫೋನ್ ಮಾಡಿದ್ಲು. ನನಗ ನೋಡಿದ ತಿಕೋಟಾದ ವರಕ್ಕ ನೀನ ಹೂಂ ಅಂದಿಯಂತ. ರವಿವಾರ ಮಾತು ಮುಗಸಾಕ ಬರ್ತಾರಂತ. ನನ್ನ ಓದು?"

ನಮ್ಮಲ್ಲಿ ಇದ ಫಜೀತಿ ನೋಡ್ರಿ. ಹೂಂ ಅಂದ್ರ 'ಕೇಳಾಕತ್ತೇನಿ' ಅಂತನೂ ಹೌದು, 'ಒಪ್ಪೇನಿ' ಅಂತನೂ ಹೌದು. ನಾ ಮನಿಗೆ ಹಿರೇಮಗಳು. ನನ್ನ ಹೂಂ ಬಿತ್ತಂದ್ರ ಮಾತು ಮುಗೀತು.

ಇದು ಫೋನಿನ್ಯಾಗ ಬಗೆಹರಿಯೂದಲ್ಲ. ಮರುದಿನ ಹುಡುಗಿನ್ನ ಕರಕೊಂಡು ಬಬಲೇಶ್ವರ ಬಸ್ ಹತ್ತಿದೆ. ದಾರ್‍ಯಾಗ ಆ ನಾಯಿ ನೆನಪಾತು. ತಪ್ಪಿದ ಜಾಗಾಕ್ಕ ತಿರುಗಿ ಹೋಗಾಕ ಬೇಕು. ತಂಗಿ ಮನಿ ಮುಟ್ಟಿದ ಕೂಡ್ಲೆ, ಆ ಹೂಂ ವಾಪಸ್ ತಗೋತೇನಿ ಅಂದೆ.

"ಅಕ್ಕಾ, ಹೂಂ ಅಂದು ಈಗ ಊಹೂಂ ಅಂದ್ರ ತಿಕೋಟಾದವ್ರಿಗೆ ಯಾವ ಮುಖ ತೋರಸ್ಲಿ?" ಅಂದ್ಲು ತಂಗಿ.

"ನನ್ನ ಮುಖ ತೋರಸು. ಅಕ್ಕನ ಕಿವಿ ಕೆಟ್ಟೈತಿ, ಕೇಳಿಸದಿದ್ರೂ ಹೂಂ ಅಂದಾಳ ಅಂತ ಹೇಳು."

"ಯಾವಾಗಿಂದ?"

"ಭಾಳ ದಿನಾತು."

"ಮತ್ತ ನಮ್ಮ ಅತ್ತಿ ಬಗ್ಗೆ ನಾ ಹೇಳಿದ್ದು?"

"ಅದೊಂದು ಎಲ್ಲಾ ಕೇಳಿಸೇತಿ."

ಬಲಗಿವಿ ಅಕಿ ಕಡೆ ಮಾಡಿ ಕುಂತೆ. "ಮೊದಲಿಂದ ಹೇಳು. ನಾ ನಡುವ ಹೂಂ ಅನ್ನಂಗಿಲ್ಲ."

ಹೇಳಿದ್ಲು. ಹುಡುಗ ಛಲೋ, ದ್ರಾಕ್ಷಿ ತ್ವಾಟ ಐತಿ, ಮಂದಿ ಒಳ್ಳೇವ್ರು. ಪೂರ್ತಿ ಕೇಳಿದೆ.

"ಮಗಳನ್ನ ಕೇಳಿಯೇನು?"

"ನಿನ್ನ ಕೇಳಿದ್ನಲ್ಲ."

"ಮದುವಿ ನಂದೇನು?"

ಬಾಗಲಾಗ ನಿಂತ ಹುಡುಗಿ, "ಓದು ಮುಗೀಲಿ ಅವ್ವಾ, ಆಮ್ಯಾಲ ನೋಡೂನು" ಅಂದ್ಲು.

ತಂಗಿ ಮಗಳ ಕಡೆ ತಿರುಗಿ, "ಹೂಂ" ಅಂದ್ಲು.

"ಯಾವ ಹೂಂ ಇದು? ಕೇಳಿದ್ದೋ, ಒಪ್ಪಿದ್ದೋ?"

"ಒಪ್ಪಿದ್ದು. ಇನ್ನ ನನ್ನ ತಲಿ ತಿನ್ನಬ್ಯಾಡ."

ನನ್ನ ಮುಂದನ ತಿಕೋಟಾಕ್ಕ ಫೋನ್ ಹಚ್ಚಿದ್ಲು. ಮೊದಲ ನನ್ನ ಕಿವಿ ಸುದ್ದಿನ ಹೇಳಿದ್ಲು, ಅದೂ ಓಣಿಗೆಲ್ಲಾ ಕೇಳೂವಂಗ. ಕೇಳ್ಲಿ.