ಹದಿನೇಳು ಬೀಗದ ಮಂದಿರದ ಎದುರು ನನ್ನ ಮೈದುನ

ನನ್ನ ಮೈದುನ ಬೀಗದ ಕೆಲಸದವನು. ನಲವತ್ತು ವರ್ಷದಿಂದ ಬೇರೇನೂ ಮಾಡಿಲ್ಲ, ಮಾಡಲು ಬರುವುದೂ ಇಲ್ಲ. ಒಂದು ಬಾಗಿಲಿನಷ್ಟು ಅಗಲದ ಅಂಗಡಿ, ಅದರ ಮೂಲೆಯಲ್ಲಿ ಕೂತು ಲೆಕ್ಕ ಬರೆಯುವವಳು ನಾನು. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಎಷ್ಟು ಸೋಪು ಹಾಕಿ ತಿಕ್ಕಿದರೂ ಅವನ ಬೆರಳಿನಿಂದ ಕಬ್ಬಿಣದ ವಾಸನೆ ಹೋಗುವುದಿಲ್ಲ. ಯಾರ ಮನೆಗೆ ಹೋದರೂ ಮನುಷ್ಯರ ಮುಖಕ್ಕಿಂತ ಮೊದಲು ಅವನ ಕಣ್ಣು ಬಾಗಿಲ ಚಿಲಕಕ್ಕೆ ಹೋಗುತ್ತದೆ. ಹೆಂಡತಿಯ ತವರಿಗೆ ಮೊದಲ ಸಲ ಹೋದಾಗ ಮಾವನ ಎದುರೇ "ಈ ಬಾಗಿಲು ಮೂರು ನಿಮಿಷದ್ದು" ಅಂದುಬಿಟ್ಟನಂತೆ. ಪಾಪ, ಅವರು ಹೊಗಳಿಕೆ ಎಂದುಕೊಂಡು ನಕ್ಕರು.

ಬೀಗ ಹಾಕಲಿ, ತೆಗೆಯಲಿ, ಕೆಲಸಕ್ಕೆ ಮೊದಲು ಅವನು ಮೂರು ಮಾತು ಕೇಳುತ್ತಾನೆ. ಮನೆ ಯಾರದು? ಒಳಗೆ ಯಾರ ಸಾಮಾನಿದೆ? ಹಳೇ ಕೀಲಿ ಎಲ್ಲಿ? ಈ ಮೂರಕ್ಕೆ ಉತ್ತರ ಸಿಗದೆ ಸಲಕರಣೆಯ ಚೀಲ ಬಿಚ್ಚುವುದಿಲ್ಲ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಸ್ನಾನ ಮಾಡಿ ಟವೆಲಿನಲ್ಲಿ ಹೊರಗೆ ಬಂದಾಗ ಗಾಳಿಗೆ ಬಾಗಿಲು ಬಿದ್ದು ಬೀಗವಾಯಿತು. ಪಕ್ಕದ ಮನೆಯಾಕೆ ಬಂದು "ಹೌದಪ್ಪ, ಇವರು ಈ ಮನೆಯವರೇ" ಎನ್ನುವ ತನಕ ಇವನು ಆ ಅಧಿಕಾರಿಯನ್ನು ಮುಕ್ಕಾಲು ಗಂಟೆ ಟವೆಲಿನಲ್ಲೇ ನಿಲ್ಲಿಸಿದ್ದ. ನಾನು ಬೈದೆ.

"ಬೀಗ ಬಿಚ್ಚೋದನ್ನ ಮಂಗನಿಗೂ ಕಲಿಸಬಹುದು ಅತ್ತಿಗೆ," ಅಂದ. "ಯಾರಿಗೆ ಬಿಚ್ಚಬಾರದು ಅಂತ ತಿಳಿಯೋಕೆ ನಮ್ಮಪ್ಪನ ಹತ್ರ ಏಟು ತಿಂದಿರಬೇಕು."

ಅಂಗಡಿಯ ಎದುರಿಗೇ ಪ್ರಾರ್ಥನಾ ಮಂದಿರ. ಅದರ ಧ್ವನಿವರ್ಧಕದ ಬಾಯಿ ನೇರವಾಗಿ ನಮ್ಮ ಕಡೆಗೇ ಇದೆ. ಒಳಗೆ ಕಾಲಿಡದೆಯೇ ಮೈದುನ ಕೇಳಿದಷ್ಟು ಧರ್ಮವನ್ನು ಒಳಗೆ ಕೂತವರು ಕೇಳಿರಲಾರರು. ಅವರಿಗೆ ತೂಕಡಿಸುವ ಅನುಕೂಲವಿತ್ತು, ಇವನು ತೂಕಡಿಸಿದರೆ ಕೀಲಿ ಉಜ್ಜುವ ಅರ ಜಾರಿ ಬೆರಳು ಸವೆಯುತ್ತಿತ್ತು. ಆ ಮಂದಿರದ ಹದಿನೇಳು ಬೀಗಗಳನ್ನೂ ಹಾಕಿದವನು ಇವನೇ. ಕಾಣಿಕೆ ಪೆಟ್ಟಿಗೆಗೆ ಎರಡು. ಅವುಗಳ ಕೀಲಿ ಇಬ್ಬರು ಬೇರೆ ಬೇರೆ ಭಕ್ತರ ಹತ್ತಿರ, ಏಕೆಂದರೆ ಒಬ್ಬರ ಭಕ್ತಿ ಎಂಥದ್ದೆಂದು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತು. ಚಪ್ಪಲಿ ಕಪಾಟಿಗೆ ನಾಲ್ಕು, ಮೈಕಿನ ಬೀರುವಿಗೆ ಒಂದು, ಗುರುಗಳು ತಂಗುವ ಕೋಣೆಗೆ ಮೂರು. ಕುಡಿಯುವ ನೀರಿನ ಲೋಟಕ್ಕೆ ಸರಪಳಿ. "ಎಲ್ಲರ ಒಳಗೂ ದೇವರಿದ್ದಾನೆ" ಎಂದು ಧ್ವನಿವರ್ಧಕ ಹೇಳಿದಾಗಲೆಲ್ಲ ಮೈದುನ ಅರ ಉಜ್ಜುತ್ತಲೇ "ಇದ್ದಾನೆ ಇದ್ದಾನೆ, ಲೋಟ ಹುಷಾರು" ಎನ್ನುತ್ತಿದ್ದ.

ಮಂದಿರದ ಸಮಿತಿಯ ಹಿರಿಯರೊಬ್ಬರನ್ನು ಬೀದಿಯೆಲ್ಲ "ಮೊದಲ ಸಾಲಿನವರು" ಎಂದೇ ಕರೆಯುತ್ತದೆ. ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ ಅವರದು. ಪ್ರವಚನ ಶುರುವಾದ ಕೂಡಲೇ ಕಣ್ಣು ಅರ್ಧ ಮುಚ್ಚಿ ಮೆಲ್ಲಗೆ ತಲೆದೂಗುತ್ತಾರೆ. ಗುರುಗಳು ಕೆಮ್ಮಿದರೂ ಆ ತಲೆ ತೂಗುತ್ತದೆ. ಅಂಥವರ ಮೇಲೆ ಮೈದುನನಿಗೆ ಗೌರವವಿತ್ತು. ನಗುತ್ತಿದ್ದನೇನೋ ಹೌದು, ಆದರೆ ಅವರು ಬೀದಿಗೆ ಬಂದರೆ ಎದ್ದು ನಿಲ್ಲುತ್ತಿದ್ದ.

ಹೋದ ವರ್ಷ ಮಂದಿರದ ಬಾಗಿಲಿಗೆ ದೊಡ್ಡ ಬಟ್ಟೆಯ ಫಲಕ ಕಟ್ಟಿದರು: "ದುಷ್ಟತನ ಎಲ್ಲಿಂದ ಬರುತ್ತದೆ? ಆರು ದಿನಗಳ ಪ್ರವಚನ. ಪ್ರತಿದಿನ ಸಂಜೆ ಐದಕ್ಕೆ." ಮೊದಲ ದಿನ ಬೆಳಿಗ್ಗೆಯೇ ಮೊದಲ ಸಾಲಿನವರು ಅಂಗಡಿಗೆ ಬಂದರು.

"ನಮ್ಮ ಮಹಡಿ ಮೇಲಿನ ಎರಡು ಕೋಣೆಗೆ ಒಂದೊಳ್ಳೆ ಬೀಗ ಹಾಕಬೇಕಲ್ಲಪ್ಪ. ನೀನೇ ತೆಗೀಬೇಕು ಅಂದ್ರೂ ಬೆವರು ಇಳೀಬೇಕು, ಅಂಥದ್ದು."

"ಇದೆ ಯಜಮಾನ್ರೇ, ಒಂದು ಗಂಟೆ ಬೀಗ ಅಂತಾನೇ ಕರೀತೀನಿ ಅದನ್ನ," ಅಂದ ಮೈದುನ. ಅಷ್ಟು ದೊಡ್ಡವರು ತನ್ನ ಕೈಯನ್ನು ಹೊಗಳಿದರೆಂದು ಕಿವಿಯವರೆಗೆ ಹಿಗ್ಗಿ ಹೊರಟ. ಅವನ ಮೂರು ಪ್ರಶ್ನೆ ಅಂಗಡಿಯಲ್ಲೇ ಉಳಿದವು. ಹಳೆಯ ಬೀಗ ಬಿಚ್ಚಿದಾಗ ಒಳಗೆ ಹೊಲಿಗೆ ಯಂತ್ರವನ್ನೂ ಅದರ ಮೇಲೆ ಅರ್ಧ ಗುಂಡಿ ಹಾಕಿದ ಅಂಗಿಯನ್ನೂ ಕಣ್ಣಾರೆ ಕಂಡ, ಆದರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಗುಂಪಿಗೆ ಅವತ್ತು ಅವನೂ ಸೇರಿದ. ಮೂರು ಕೀಲಿಯನ್ನೂ ಮೊದಲ ಸಾಲಿನವರ ಕೈಗಿಟ್ಟ. ಅವರು ಜೇಬಿಗಿಳಿಸಿ ಹೇಳಿದರು:

"ಒಳಗೊಂದು ತಗಡಿನ ಪೆಟ್ಟಿಗೆ ಇದೆ, ಅದರ ಕೀಲಿ ಇಲ್ಲ. ಪ್ರವಚನ ಮುಗಿದ ಮಾರನೇ ದಿನ ಬಂದು ಅದನ್ನೂ ತೆಗೆದುಕೊಡು. ಈಗ ಬೇಡ. ಇದು ಪವಿತ್ರವಾದ ವಾರ, ಅಂಥ ಕೆಲಸ ಎಲ್ಲ ಮಾಡಬಾರದು."

ಮೂರನೆಯ ದಿನ ಬೆಳಿಗ್ಗೆ ಕಾಜಾದವಳು ಅಂಗಡಿಯ ಮುಂದೆ ಬಂದು ನಿಂತಳು. ಮೊದಲ ಸಾಲಿನವರ ತೀರಿಹೋದ ತಮ್ಮನ ಹೆಂಡತಿ ಅವಳು. ದರ್ಜಿ ಅಂಗಡಿಗಳಿಂದ ಅಂಗಿ ತಂದು ಕಾಜಾ ತೆಗೆದು ಗುಂಡಿ ಹೊಲಿದು ಕೊಡುತ್ತಾಳೆ, ಅದಕ್ಕೇ ಬೀದಿಯಲ್ಲಿ ಆ ಹೆಸರು. ತಾಯಿ ಹಾಸಿಗೆ ಹಿಡಿದಿದ್ದಾರೆಂದು ಹತ್ತು ದಿನ ತವರಿಗೆ ಹೋಗಿದ್ದವಳು ಈಗ ಮಗಳ ಜೊತೆ ವಾಪಸು ಬಂದಿದ್ದಳು.

"ಅಣ್ಣಾ, ಸ್ವಲ್ಪ ಬರ್ತೀರಾ? ನನ್ನ ಬಾಗಿಲಿಗೆ ನನ್ನ ಕೀಲಿ ಹೋಗ್ತಿಲ್ಲ. ಯಾರೋ ಬೀಗ ಬದಲಾಯಿಸಿಬಿಟ್ಟಿದ್ದಾರೆ."

ಮೈದುನನ ಕೈಯಲ್ಲಿದ್ದ ಅರ ನಿಂತಿತು. "ಹಿತ್ತಾಳೆ ಮುಖದ್ದಾ? ನಾಲ್ಕು ತಿರುಪು?"

"ಹೂಂ. ನಿಮಗೆ ಹೇಗೆ ಗೊತ್ತು?"

"ಹಾಕಿದೋನು ನಾನೇ ತಾಯಿ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನನ್ನ ಮಗಳ ಪುಸ್ತಕದ ಪೆಟ್ಟಿಗೆ ಕೀಲಿ ಕಳೆದಾಗ ಕೂಡ ‘ಪೆಟ್ಟಿಗೆ ಯಾರದು’ ಅಂತ ಕೇಳಿದ್ರಿ. ಅವಳಿಗಾಗ ಆರು ವರ್ಷ. ನಮ್ಮ ಭಾವನವರನ್ನ ಕೇಳಲಿಲ್ವಾ?"

ನಾನು ಎದ್ದು ಅವರಿಬ್ಬರಿಗೂ ಕೂರಲು ಸ್ಟೂಲು ಕೊಟ್ಟೆ.

ಆ ಎರಡು ಕೋಣೆ ಅವಳ ಗಂಡನ ಪಾಲಿಗೆ ಬಂದು, ಅವನು ಸಾಯುವ ಮೊದಲೇ ಅವಳ ಹೆಸರಿಗೆ ಬರೆದುಕೊಟ್ಟದ್ದು. ಆ ಕಾಗದ ಇದ್ದದ್ದು ಅದೇ ತಗಡಿನ ಪೆಟ್ಟಿಗೆಯಲ್ಲಿ. ಪೊಲೀಸ್ ಠಾಣೆಗೆ ಹೋದಳು. "ಕಾಗದ ತನ್ನಿ," ಅಂದರು. "ಕಾಗದ ಒಳಗಿದೆ." "ಹಾಗಾದ್ರೆ ಬೀಗ ಹಾಕಿದೋರನ್ನ ಕೇಳಿ." ಬೀಗ ಹಾಕಿಸಿದವರ ಹತ್ತಿರ ಹೋದಳು.

"ಬೇಜಾರು ಮಾಡ್ಕೋಬೇಡಮ್ಮ," ಅಂದರಂತೆ ಭಾವ. "ನಿನ್ನ ಒಳ್ಳೇದಕ್ಕೇ. ವಯಸ್ಸಾದ ತಾಯಿ, ಹೋಗಿ ಸೇವೆ ಮಾಡು. ಯಾವುದೂ ನಮ್ಮ ಕೈಲಿಲ್ಲ." ಅವರ ಜೇಬಿನಲ್ಲಿ ಮೂರು ಕೀಲಿ ಇದ್ದವು.

ಪೆಟ್ಟಿಗೆ ತೆರೆದು ಕಾಗದ ಒಲೆಗೆ ಹೋದರೆ ಅವಳ ಕಥೆ ಮುಗಿಯಿತು. ಅದಕ್ಕೆ ಉಳಿದದ್ದು ಪವಿತ್ರ ವಾರದ ನಾಲ್ಕು ದಿನ. ತಾಯಿ ಮಗಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಕಾಗದ ಕಣ್ಣಲ್ಲಿ ನೋಡದೆ ಬೀಗ ತೆಗೆಯುವುದೋ ಬೇಡವೋ ಎಂದು ಮೈದುನನಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಇತ್ತ ಧ್ವನಿವರ್ಧಕ ತನ್ನ ಪಾಡಿಗೆ ದುಷ್ಟತನದ ಮೂಲ ಹುಡುಕುತ್ತಿತ್ತು. ಮೊದಲ ದಿನ ಅದು ಹಿಂದಿನ ಜನ್ಮದಿಂದ ಬಂದಿತ್ತು. ಎರಡನೆಯ ದಿನ ಭಗವಂತನ ಲೀಲೆಯಿಂದ. ಮೂರನೆಯ ದಿನ ದುಷ್ಟತನವೇ ಇಲ್ಲವಾಯಿತು. ಕತ್ತಲೆ ಎಂಬ ವಸ್ತು ಹೇಗೆ ಇಲ್ಲವೋ, ಬೆಳಕು ಇಲ್ಲದ್ದಕ್ಕೆ ಹೇಗೆ ಆ ಹೆಸರೋ, ಹಾಗೆ. "ಬೀಗ ಅನ್ನೋ ವಸ್ತು ಇದೆ ಗುರುಗಳೇ, ಮುಟ್ಟಿ ನೋಡಿ, ಹಿತ್ತಾಳೆದು," ಎಂದು ಮೈದುನ ಅಂಗಡಿಯಿಂದಲೇ ಗೊಣಗಿದ. ನಾಲ್ಕನೆಯ ದಿನ ತಪ್ಪೆಲ್ಲ ಕಾಲದ್ದು; ಕಾಲ ಕೆಟ್ಟಿದೆ, ಮನುಷ್ಯ ಏನು ಮಾಡಿಯಾನು? ದಿನಕ್ಕೊಬ್ಬರಂತೆ ಆರೋಪಿಗಳು ಸಿಗುತ್ತಿದ್ದರು, ಆದರೆ ಅವರಲ್ಲಿ ಯಾರಿಗೂ ಮನೆ ನಂಬರು ಇರಲಿಲ್ಲ.

ಐದನೆಯ ದಿನ ಪ್ರಶ್ನೆಗಳಿಗೆ ಅವಕಾಶ. ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಮೈದುನ ರಸ್ತೆ ದಾಟಿ ಒಳಗೆ ಹೋದ. ಅವನ ದನಿ ಧ್ವನಿವರ್ಧಕದಲ್ಲಿ ಅಂಗಡಿಗೆ ಕೇಳಿಸಿದಾಗ ನಾನು ಲೆಕ್ಕ ಬಿಟ್ಟು ಬಾಗಿಲಿಗೆ ಬಂದೆ.

"ಗುರುಗಳೇ, ಒಬ್ಬ ಇನ್ನೊಬ್ಬರ ಮನೆಗೆ ಬೀಗ ಹಾಕಿಸಿದ. ಮತ್ತೊಬ್ಬ ಏನೂ ಕೇಳದೆ ಹಾಕಿಕೊಟ್ಟ. ಪಾಪ ಯಾರದು?"

"ಆಳವಾಗಿ ನೋಡಬೇಕಪ್ಪ," ಅಂದರು ಗುರುಗಳು. "ಹೊರಗೆ ಉಳಿದವರ ಹಳೆಯ ಕರ್ಮ ಕಳೀತಾ ಇದೆ. ಅವರಿಗೆ ಅದು ಪರೀಕ್ಷೆ. ಬೀಗ ಹಾಕಿಸಿದವನು ಬರೀ ನಿಮಿತ್ತ."

"ಹಾಕಿದೋನು?"

"ಅವನೂ ನಿಮಿತ್ತ."

"ಅಂದ್ರೆ ಬೀಗದ ಕಡೆಯೋರೆಲ್ಲ ಪಾಸು. ಬೀದೀಲಿ ನಿಂತವಳಿಗೆ ಮಾತ್ರ ಪರೀಕ್ಷೆ."

ಹಿಂದಿನ ಸಾಲುಗಳು ನಕ್ಕದ್ದು ನನಗೂ ಕೇಳಿಸಿತು. ಮೊದಲ ಸಾಲಿನ ತಲೆ ಅಲ್ಲಿಯತನಕ ತೂಗುತ್ತಲೇ ಇತ್ತಂತೆ, ಆಮೇಲೆ ಗಕ್ಕನೆ ನಿಂತಿತಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ.

"ವ್ಯಂಗ್ಯ ಬೇಡ," ಅಂದರು ಗುರುಗಳು. "ನಿನ್ನ ಮನಸ್ಸಿನಲ್ಲಿ ಶಾಂತಿ ಇಲ್ಲ."

"ಇಲ್ಲ ಗುರುಗಳೇ, ಅದಕ್ಕೇ ಬಂದೆ. ಐದು ದಿನದಿಂದ ಕೇಳ್ತಿದ್ದೀನಿ, ಹಿಂದಿನ ಜನ್ಮಕ್ಕೂ ಕೊಟ್ರಿ, ಕಾಲಕ್ಕೂ ಕೊಟ್ರಿ. ನನಗೂ ಒಂದಿಷ್ಟು ಪಾಪ ಕೊಡಿ. ನಂದು ಅಂತ ಇದ್ರೆ ತಾನೇ ನಾನು ರಿಪೇರಿ ಮಾಡೋಕಾಗೋದು?"

ಅಲ್ಲಿಗೆ ಧ್ವನಿ ನಿಂತಿತು. ಮೈಕನ್ನು ಅವನ ಕೈಯಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಆ ಬೀಗವೂ ಇವನದೇ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಾವು ನಾಲ್ಕು ಜನ ಆ ಮೆಟ್ಟಿಲು ಹತ್ತಿದೆವು. ತಾನು ಹಾಕಿದ ಬೀಗದ ಕೀಲಿಯನ್ನು ಮೈದುನ ಎಂದೂ ಇಟ್ಟುಕೊಂಡವನಲ್ಲ. ಹೀಗಾಗಿ ತನ್ನ ಬೀಗವನ್ನು ತಾನೇ ಕಳ್ಳನ ಹಾಗೆ ತೆಗೆಯಬೇಕಾಯಿತು. ಮೊಣಕಾಲೂರಿ ಕೂತು ಬಾಗಿದ ಕಂಬಿಯನ್ನು ಒಳಗೆ ತೂರಿಸಿದ. ಒಂದು ಗಂಟೆ ಬೀಗ ಎಂದು ಅವನು ಕೊಚ್ಚಿಕೊಂಡದ್ದು ಸುಳ್ಳಾಗಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಅವನ ಬೆನ್ನಿನ ಬಟ್ಟೆ ಒದ್ದೆಯಾಗಿತ್ತು, ಮೆಟ್ಟಿಲ ತುಂಬ ಅಕ್ಕಪಕ್ಕದವರು ತುಂಬಿದ್ದರು.

"ಯಾವನೋ ಬೀಗ ಭಾರೀ ಗಟ್ಟಿಯಾಗಿ ಹಾಕಿದ್ದಾನೆ," ಎಂದು ಕೆಳಗಿನ ಮೆಟ್ಟಿಲಿಂದ ಯಾರೋ ಚುಚ್ಚಿದರು.

"ಹೂಂ, ಮುಠ್ಠಾಳ," ಅಂದ ಮೈದುನ, ತಲೆಯೆತ್ತದೆ.

ಅಷ್ಟರಲ್ಲಿ ಮೊದಲ ಸಾಲಿನವರು ಗುರುಗಳನ್ನೂ ಕರೆದುಕೊಂಡು ಏದುಸಿರು ಬಿಡುತ್ತ ಬಂದರು.

"ಏಯ್! ಯಾರ ಅಪ್ಪಣೆ ಮೇಲೆ ಮುಟ್ಟಿದೆ ಅದನ್ನ?"

"ಮನೆಯೋರ ಅಪ್ಪಣೆ. ಇಲ್ಲೇ ನಿಂತಿದ್ದಾರಲ್ಲ."

"ಕಳ್ಳತನ ಇದು! ಹಗಲು ದರೋಡೆ!"

"ನಾನೇನು ಮಾಡಲಿ ಯಜಮಾನ್ರೇ, ನಾನು ಬರೀ ನಿಮಿತ್ತ. ನಿಮ್ಮ ಹಳೇ ಕರ್ಮ ಕಳೀತಾ ಇದೆ ಅಂತ ತಿಳ್ಕೊಳ್ಳಿ."

ಮೆಟ್ಟಿಲೆಲ್ಲ ನಕ್ಕಿತು. ಗುರುಗಳು ಕೈಯೆತ್ತಿ, "ನಾನು ಹೇಳಿದ್ದರ ಅರ್ಥ ಹಾಗಲ್ಲ," ಅಂದರು.

"ಹಾಗೇ ಅಂದ್ರಿ ಗುರುಗಳೇ," ಅಂದೆ ನಾನು. "ಬೀದಿಗೆಲ್ಲ ಕೇಳಿಸೋ ಹಾಗೆ ಅಂದ್ರಿ."

"ಪೊಲೀಸರನ್ನ ಕರೀತೀನಿ," ಅಂದರು ಮೊದಲ ಸಾಲಿನವರು.

"ಕರೀರಿ ಭಾವ," ಅಂದಳು ಕಾಜಾದವಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ಕಾಗದ ತೋರ್ಸು ಅಂದಿದ್ರು. ಅವರು ಬರೋ ಹೊತ್ತಿಗೆ ತೋರ್ಸ್ತೀನಿ."

ಕರೆಯಲಿಲ್ಲ. ಇನ್ನೂ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬೀಗ ಟಕ್ಕನೆ ಕಳಚಿತು. ಕಾಜಾದವಳು ಒಳಗೆ ಹೋಗಿ ಕತ್ತಿನಲ್ಲಿದ್ದ ಕೀಲಿಯಿಂದ ಪೆಟ್ಟಿಗೆ ತೆರೆದಳು, ಕಾಗದ ತಂದು ಮಗಳ ಕೈಗೆ ಕೊಟ್ಟಳು. ಮಗಳು ಅಷ್ಟು ಜನರ ಎದುರು ಮೊದಲಿಂದ ಕೊನೆಯವರೆಗೆ ಓದಿದಳು, ಸಾಕ್ಷಿಗಳ ಸಹಿಯವರೆಗೆ. ಸಾಕ್ಷಿಗಳಲ್ಲಿ ಎರಡನೆಯ ಹೆಸರು ಮೊದಲ ಸಾಲಿನವರದೇ ಆಗಿತ್ತು.

"ನಾನು ಕಾಪಾಡೋಕೇ ಹಾಕಿಸಿದ್ದು," ಅಂದರು ಅವರು. "ಒಂಟಿ ಹೆಂಗಸಿನ ಮನೆ, ಕಾಲ ಕೆಟ್ಟಿದೆ..." ನಾಲ್ಕನೆಯ ದಿನದ ಪ್ರವಚನವನ್ನು ಮನಸ್ಸಿಟ್ಟು ಕೇಳಿದ್ದರು ಅನ್ನಿ.

ಅವರಿಗೇನೂ ಆಗಲಿಲ್ಲ. ಅವತ್ತು ಸಂಜೆ ಅದೇ ಕುರ್ಚಿಯಲ್ಲಿ ಕೂತು ತಲೆದೂಗಿದರು. ಕೊನೆಯ ದಿನದ ವಿಷಯ ಕ್ಷಮೆ. ಮಂದಿರದ ಬೀಗದ ಕೆಲಸ ಮಾತ್ರ ನಮ್ಮ ಅಂಗಡಿಯಿಂದ ತಪ್ಪಿತು.

ಆದರೆ ಆ ಬೆಳಿಗ್ಗೆ ಜನ ಕರಗಿದ ಮೇಲೆ ನಡೆದದ್ದನ್ನು ಹೇಳದಿದ್ದರೆ ಮೈದುನನ ವಿಷಯ ಹೇಳಿದಂತಾಗುವುದಿಲ್ಲ. ಅವನು ತನ್ನ ಬೀಗವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಇನ್ನೊಂದು ಹೊಸ ಬೀಗ ಹೊರತೆಗೆದು ಬಾಗಿಲಿಗೆ ಹಿಡಿದು ನೋಡಿದ.

"ತಾಯಿ, ಇದು ಅದಕ್ಕಿಂತ ಗಟ್ಟಿ. ಹತ್ತು ನಿಮಿಷದಲ್ಲಿ ಹಾಕಿಬಿಡ್ತೀನಿ."

ಕಾಜಾದವಳು ಹೊಸ್ತಿಲಲ್ಲಿ ನಿಂತಿದ್ದಳು. "ಬೇಡ ಅಣ್ಣ. ಇವತ್ತು ಬಂದು ತೆಗೆದುಕೊಟ್ರಿ, ಅದನ್ನ ಮರೆಯಲ್ಲ. ಆದ್ರೆ ಬೀಗ ಬೇರೆಯೋರ ಕೈಲಿ ಹಾಕಿಸ್ಕೋತೀನಿ."

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವನಿಗೆ ಇದಾ ಮಾತು ಎಂದು ಬಾಯಿ ತೆರೆಯುವಷ್ಟರಲ್ಲಿ ಮೈದುನ ನನ್ನ ಕಡೆ ಕೈ ಅಡ್ಡ ಹಿಡಿದ. ಅವನ ಮುಖ ನೋಡಿದೆ. ಐದು ದಿನ ಪ್ರವಚನ ಕೇಳಿಯೂ ಸಿಗದಿದ್ದ ತನ್ನ ಪಾಲಿನ ಪಾಪವನ್ನು ಯಾರೋ ಕರೆದು ಅಂಗೈಗೆ ಇಟ್ಟರೆ ಹೇಗಿರುತ್ತದೋ ಹಾಗಿತ್ತು. ನೋವೂ ಇತ್ತು, ಸುಳ್ಳು ಹೇಳುವುದಿಲ್ಲ.

"ಸರಿ ತಾಯಿ," ಅಂದ. "ಮಾರ್ಕೆಟ್ ಹತ್ರ ಒಬ್ಬ ಇದ್ದಾನೆ, ಬಸ್ ನಿಲ್ದಾಣದ ಹಿಂದೆ. ಕೈ ನಿಧಾನ, ಬಾಯಿ ಜಾಸ್ತಿ. ಆದ್ರೆ ಕೆಲಸ ಗೊತ್ತು. ನಾನೇ ಹೋಗಿ ಕಳಿಸ್ತೀನಿ. ಮೂರು ಕೀಲಿ ಕೊಡ್ತಾನೆ, ಮೂರನ್ನೂ ಎಣಿಸಿ ಇಸ್ಕೊಳ್ಳಿ."

"ಇಸ್ಕೋತೀನಿ."

"ಅಲ್ಲೀತನಕ ಒಳಗಿಂದ ಅಗುಳಿ ಹಾಕ್ಕೊಂಡಿರಿ."

ಅವಳು ಬಾಗಿಲು ಮುಚ್ಚಿದಳು. ಅಗುಳಿ ಪೂರ್ತಿ ಕೂತಿತೋ ಇಲ್ಲವೋ ಎಂದು ಮೈದುನ ಒಂದು ಗಳಿಗೆ ಕಿವಿಗೊಟ್ಟು ನಿಂತ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು, ಹದಿನೈದು ವರ್ಷದಿಂದ ಮುಖ ಕೊಟ್ಟು ಮಾತಾಡಿಸದ ಆ ಮಾರ್ಕೆಟಿನವನನ್ನು ಕರೆಯಲು ಮೆಟ್ಟಿಲಿಳಿದ.