ಬದುವಿನ ಮಣ್ಣು

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಸಿರಾದಾಗ ಹುಣಸೆಕಾಯಿ, ಮಾವಿನಕಾಯಿ ಸಾಲದು, ಮಣ್ಣೇ ಬೇಕು. ಅದೂ ದುಂಡಸಿ ದಾರಿಯ ನಮ್ಮ ಹೊಲದ ಕರಿಮಣ್ಣು. ಡಾಕ್ಟರು ಬೈದರೆ ಹೂಂ ಎಂದು ತಲೆಯಾಡಿಸಿ ಬಂದು ಮತ್ತೆ ತಿನ್ನುವವರೇ ನಾವು. ನನ್ನನ್ನು ಹೊತ್ತಾಗ ಅವ್ವ ತಿಂದಳು, ಮಗಳನ್ನು ಹೊತ್ತಾಗ ನಾನು ತಿಂದೆ. ಬದುವಿನ ಹೆಂಟೆ ತಂದು ರೊಟ್ಟಿ ಹಂಚಿನ ಮೇಲೆ ಹುರಿದುಕೊಡುವುದು ಅವ್ವನ ಕೆಲಸ.

ಈ ಬೇಸಿಗೆ ಬಸುರಿ ಮಗಳನ್ನು ಕರೆದುಕೊಂಡು ಅವ್ವನ ಮನೆಗೆ ಬಂದೆ. ಅಜ್ಜಿಯ ಸೆರಗಿನಿಂದ ಮೊಮ್ಮಗಳ ಕೈಗೆ ಹೆಂಟೆ ದಾಟುವುದನ್ನು ಕಂಡು ಛೇಡಿಸಿದೆ: "ಇಬ್ಬರೂ ಕೂಡಿ ಅರ್ಧ ಹೊಲ ತಿಂದು ಮುಗಿಸ್ತೀರಿ ನೋಡ್ರಿ."

ಈಗ ಹೊಲ ನೋಡಿಕೊಳ್ಳುವ ನನ್ನ ತಮ್ಮ ಔಷಧಿ ಹೊಡೆಯುವುದನ್ನು ಬಿಟ್ಟು ವರ್ಷಗಳಾಗಿವೆ. ವಿಷಮುಕ್ತ ತರಕಾರಿ ಎಂದು ಮಾರುವ ಆಸೆ ಅವನಿಗೆ. ಕೊಳ್ಳುವವರು ಕೇಳಿದರೆಂದು ಮಣ್ಣು ಪರೀಕ್ಷೆಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಅದರ ವರದಿ ತಗೊಂಡು ಶಿಗ್ಗಾಂವಿಯಿಂದ ಬಂದವನು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕುಳಿತ.

"ಅಕ್ಕಾ, ಅಪ್ಪ ಹತ್ತಿ ಹುಳಕ್ಕ ಹೊಡೀತಿದ್ನಲ್ಲ ಬಿಳಿ ಪುಡಿ, ಅದು ಮಣ್ಣಾಗ ಇನ್ನೂ ಐತಂತ."

ಅಪ್ಪ ತೀರಿಕೊಂಡೇ ಎಷ್ಟೋ ಕಾಲವಾಯಿತು. ಹಳೆ ಧೋತರದ ಗಂಟಿನಲ್ಲಿ ಆ ಪುಡಿ ಕಟ್ಟಿ, ಇಬ್ಬನಿ ಆರುವ ಮೊದಲೇ ಸಾಲು ಹಿಡಿದು ಜಾಡಿಸುತ್ತಿದ್ದ. ಹುಬ್ಬು ಮೀಸೆ ಬೆಳ್ಳಗೆ ಮಾಡಿಕೊಂಡು ಮನೆಗೆ ಬಂದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮಗಳು ಹೊಸ್ತಿಲ ಬಳಿ ಕುಳಿತು ಅದೇ ಮಣ್ಣು ಮೆಲ್ಲುತ್ತಿದ್ದಳು. "ಉಗುಳು ಮೊದ್ಲ!" ಎಂದು ಚೀರಿದೆ.

ಅವ್ವನಿಗೆ ಸಿಟ್ಟು ಬಂತು. "ಬದುವಿಗೆ ಯಾರರ ಪುಡಿ ಹೊಡೀತಾರೇನು? ಅದಕ್ಕ ನಾ ಅಲ್ಲಿಂದನ ತರ್ತೇನಿ."

ನನ್ನ ತಮ್ಮ ನೆಲ ನೋಡುತ್ತಲೇ ಕೇಳಿದ. "ಅಪ್ಪ ಪುಡಿ ಚೀಲ ಬಿಚ್ಚಿ ಗಂಟು ಕಟ್ತಿದ್ದದ್ದು ಎಲ್ಲಿ, ಅವ್ವಾ?"

ಬದುವಿನ ಮೇಲೆಯೇ. ಅದು ನಮ್ಮೆಲ್ಲರಿಗೂ ಗೊತ್ತಿತ್ತು.

ಮಗಳು ಬಾಯಿ ಮುಕ್ಕಳಿಸಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದಕ್ಕೇನಾಗ್ತೈತಿ, ಮಮ್ಮಿ?"

ಮರುದಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಬೈಯೋಣವೆಂದರೆ ಅಪ್ಪ ಇಲ್ಲ. ಅವ್ವ ಕೊಟ್ಟದ್ದು ಪ್ರೀತಿಯಿಂದ. ನಾನು ತಿಂದದ್ದು ಇವಳೊಳಗೆ ಎಷ್ಟಿದೆಯೋ ಎಂಬ ಹೆದರಿಕೆ ಬೇರೆ.

ಅವ್ವ ಎದ್ದು ಉಳಿದ ಹೆಂಟೆಗಳನ್ನೆಲ್ಲ ಮೊರದಲ್ಲಿ ತುಂಬಿಕೊಂಡು ಹೊರಟಳು. ಅಂಗಳದ ತುದಿಗೆ ಹೋಗಿ ಅತ್ತ ನೋಡಿದಳು, ಇತ್ತ ನೋಡಿದಳು. ಆಮೇಲೆ ಮೊರ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಇದನ್ನ ಎಲ್ಲಿ ಚೆಲ್ಲಲಿ, ಯವ್ವಾ?"